ಉದ್ದಕ್ಕೆ ಸಾಮಾನ್ಯ, ಅಗಲಕ್ಕೆ ಅಪರೂಪ

ಊರಿನವರು: ಮಾಷ್ಟ್ರೇ, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಗಿಡ ಕೊಂಕಣದಲ್ಲಿ ಉಂಟು, ಕೇರಳದಲ್ಲಿ ಉಂಟು, ಆಚೆ ಕೋರಮಂಡಲದ ಕರೆಯಲ್ಲಿ ಉಂಟು, ಶ್ರೀಲಂಕಾದಲ್ಲೂ ಉಂಟು ಅಂತ ನೀವೇ ಹೇಳುತ್ತೀರಿ. ಸಾವಿರಾರು ಕಿಲೋಮೀಟರು ಉದ್ದಕ್ಕೆ ಹಬ್ಬಿರುವ ಗಿಡವನ್ನು ಅಪರೂಪ ಅಂದರೆ ಯಾರು ನಂಬುತ್ತಾರೆ? ಅಪರೂಪ ಅಂದರೆ ಒಂದು ಬೆಟ್ಟದಲ್ಲಿ ಮಾತ್ರ, ಒಂದು ಹಳ್ಳದಲ್ಲಿ ಮಾತ್ರ ಇರಬೇಕಲ್ಲ?

ಮಾಷ್ಟ್ರು: ಗಿಡವನ್ನು ಮೊದಲು ಸರಿಯಾಗಿ ನೋಡುವ, ಆಮೇಲೆ ಅಪರೂಪದ ಲೆಕ್ಕಕ್ಕೆ ಬರುವ. ಶಾಸ್ತ್ರದವರು ಇದನ್ನು ಹೈಡ್ರೊಫೈಲ್ಯಾಕ್ಸ್ ಮ್ಯಾರಿಟಿಮ ಎನ್ನುತ್ತಾರೆ. ಹೆಸರಿಟ್ಟವನು ಲಿನೇಯಸ್ಸನ ಮಗ, 1780ರ ದಶಕದ ಆರಂಭದಲ್ಲಿ. ಗ್ರೀಕಿನಲ್ಲಿ ಹೈಡೋರ್ ಅಂದರೆ ನೀರು, ಫೈಲ್ಯಾಕ್ಸ್ ಅಂದರೆ ಕಾವಲಿನವನು. ಮರಳಿಗೆ ಅಂಟಿಕೊಂಡು ಹರಿಯುವ, ಗೆಣ್ಣುಗೆಣ್ಣಿಗೂ ಬೇರು ಇಳಿಸುವ ಗಿಡ. ಎಲೆ ಸಣ್ಣದು, ಮುಟ್ಟಿದರೆ ಗೋಣಿಸೊಪ್ಪಿನ ಎಲೆಯ ಹಾಗೆ ದಪ್ಪ, ರಸ ತುಂಬಿದ್ದು. ಮೇಲೆ ಎಣ್ಣೆ ಸವರಿದ ಹಾಗೆ ಹೊಳಪು. ಹೂವಿಗೆ ನಾಲ್ಕು ಎಸಳು, ಬಿಳಿಗೆ ತುಸು ನಸುನೇರಳೆ ಬೆರೆತ ಬಣ್ಣ. ನಾಲ್ಕು ಎಸಳು ಅಂದ ಕೂಡಲೇ ಈ ಊರಿನವರಿಗೆ ಕೇಪುಳ ನೆನಪಾಗಬೇಕು. ಸರಿಯೇ, ಎರಡೂ ಕಾಫಿಯ ಕುಟುಂಬದವು. ಬೆಟ್ಟದ ನೆರಳಿನ ಕಾಫಿಗೂ ಬಿಸಿಲು ಉಪ್ಪಿನ ನಡುವೆ ಬದುಕುವ ಈ ಬಡ ಗಿಡಕ್ಕೂ ಒಂದೇ ಮನೆತನ ಅಂದರೆ ಸಂಬಂಧಿಕರೇ ಒಪ್ಪುವುದು ಕಷ್ಟ. ಕಾಯಿ ಮಾತ್ರ ಪೂರ್ತಿ ಕಡಲಿನದು: ಬೆಂಡಿನ ಹಾಗೆ ಹಗುರ, ತೇಲುತ್ತ ಇನ್ನೊಂದು ಕರೆಗೆ ಹೋಗಿ ಸೇರುತ್ತದೆ. ಅದಕ್ಕೇ ಅಷ್ಟು ಉದ್ದಕ್ಕೆ ಹಬ್ಬಿದೆ. ಉದ್ದದ ಮಾತಿನಲ್ಲಿ ನಿಮ್ಮದು ಗೆದ್ದ ವಾದ. ಈಗ ಅಗಲ ಕೇಳಿ. ಇದು ಬೆಳೆಯುವುದು ಉಬ್ಬರದ ನೀರು ಮುಟ್ಟುವ ಗೆರೆಯಿಂದ ಮೇಲೆ, ಮೊದಲ ಮರಳದಿಬ್ಬ ಮುಗಿಯುವುದರೊಳಗೆ. ಅದಕ್ಕಿಂತ ಕೆಳಗೆ ಬಂದರೆ ಅಲೆ ಕೀಳುತ್ತದೆ. ಅದಕ್ಕಿಂತ ಒಳಗೆ ಹೋದರೆ ಬೇರೆ ಹುಲ್ಲು, ಪೊದೆ, ಮರ ನೆರಳು ಹಾಕಿ ಮುಚ್ಚುತ್ತವೆ. ನಡುವೆ ಉಳಿಯುವುದು ಹೆಚ್ಚು ಅಂದರೆ ಹತ್ತಾರು ಮೀಟರು, ಕೆಲವು ಕಡೆ ನಾಲ್ಕು ಹೆಜ್ಜೆ. ಉಡುವ ಸೀರೆಯಷ್ಟು ಅಗಲವೂ ಇಲ್ಲ, ಸೀರೆಯ ಅಂಚಿನ ಅಗಲ. ಅಂಚು ಸೀರೆಯ ಉದ್ದಕ್ಕೂ ಉಂಟು ಅಂತ ಹೇಳಿ ಅಂಚನ್ನೇ ಕತ್ತರಿಸುತ್ತ ಹೋದರೆ ಹೇಗೆ?

ಊರಿನವರು: ಮಾತು ಚಂದ ಉಂಟು. ಆದರೆ ಅಪರೂಪ ಎನ್ನುವುದಕ್ಕೆ ಲೆಕ್ಕ ಹಾಕುವವರು ಇದ್ದಾರಲ್ಲ, ಐಯುಸಿಎನ್‌ನವರು, ಕೆಂಪು ಪಟ್ಟಿ ಮಾಡುವವರು. ಅವರ ಅಳತೆಗೋಲಿಗೆ ಬಾರದ್ದು ನಿಮ್ಮ ಅಳತೆಗೋಲಿಗೆ ಹೇಗೆ ಬರುತ್ತದೆ?

ಮಾಷ್ಟ್ರು: ಆ ಅಳತೆಗೋಲನ್ನೇ ಬಿಚ್ಚಿ ನೋಡುವ. ಒಂದು ಜೀವಿ ಎಷ್ಟು ಜಾಗದಲ್ಲಿ ಉಂಟು ಅಂತ ಅವರು ಎರಡು ರೀತಿಯಲ್ಲಿ ಅಳೆಯುತ್ತಾರೆ. ಒಂದು, ಅದು ಸಿಕ್ಕಿದ ಎಲ್ಲ ಸ್ಥಳಗಳನ್ನೂ ಒಳಗೊಂಡು ಸುತ್ತ ಗೆರೆ ಎಳೆದರೆ ಬರುವ ವಿಸ್ತಾರ. ಅದು 20,000 ಚದರ ಕಿಲೋಮೀಟರಿಗಿಂತ ಕಡಿಮೆಯಾದರೆ ಅಪಾಯದ ಗುಂಪಿಗೆ ಸೇರಿಸುವ ಯೋಚನೆ ಶುರುವಾಗುತ್ತದೆ. ಕೊಂಕಣದಿಂದ ಕೋರಮಂಡಲಕ್ಕೆ ಗೆರೆ ಎಳೆದರೆ ದಖ್ಖನ್ನಿನ ಅರ್ಧ ಭೂಮಿ ಒಳಗೆ ಬಂದು ಬೀಳುತ್ತದೆ. ಈ ಗಿಡ ಕನಸಿನಲ್ಲೂ ಕಾಣದ ಬಳ್ಳಾರಿ, ಅನಂತಪುರ ಎಲ್ಲ ಅದರ ಖಾತೆಗೆ ಜಮೆ. ಎರಡನೆಯದು, ನಿಜವಾಗಿ ನೆಲೆಸಿರುವ ಜಾಗ. ಇದಕ್ಕೆ ನಕಾಶೆಯ ಮೇಲೆ ಎರಡು ಕಿಲೋಮೀಟರು ಉದ್ದ, ಎರಡು ಕಿಲೋಮೀಟರು ಅಗಲದ ಚೌಕಗಳನ್ನು ಹಾಸಿ, ಗಿಡ ಇರುವ ಚೌಕಗಳನ್ನು ಎಣಿಸುವುದು ವಾಡಿಕೆ. ಒಂದು ಚೌಕ ಅಂದರೆ ನಾಲ್ಕು ಚದರ ಕಿಲೋಮೀಟರು. ಈಗ ಕಡಲ ಕರೆಯಲ್ಲಿ ಇಪ್ಪತ್ತು ಮೀಟರು ಅಗಲದ ಪಟ್ಟಿ ಆ ಚೌಕದ ಈ ತುದಿಯಿಂದ ಆ ತುದಿವರೆಗೆ ಇದ್ದರೆ, ನಿಜವಾದ ಜಾಗ 0.04 ಚದರ ಕಿಲೋಮೀಟರು. ಖಾತೆಯಲ್ಲಿ ಬರೆದದ್ದು ಅದರ ನೂರು ಪಾಲು. ಇದಾದರೂ ಹೋಗಲಿ, ಸಣ್ಣ ಜಾಗವನ್ನು ದೊಡ್ಡದಾಗಿ ಬರೆದರು ಅಷ್ಟೇ. ಮುಂದಿನದು ಹೆಚ್ಚು ಗಂಭೀರ: ಆ ಇಪ್ಪತ್ತು ಮೀಟರಿನಲ್ಲಿ ಹತ್ತೊಂಬತ್ತು ಮೀಟರು ಹೋಗಿ ಒಂದೇ ಮೀಟರು ಉಳಿದರೂ ಚೌಕದಲ್ಲಿ ಗಿಡ ಉಂಟು. ಲೆಕ್ಕ ಮೊದಲಿನ ಹಾಗೆಯೇ ನಾಲ್ಕು. ಗಿಡ ಸಾಯುವುದು ಅಗಲದಲ್ಲಿ, ನಾವು ಎಣಿಸುವುದು ಉದ್ದದಲ್ಲಿ. ನಮ್ಮ ಮಂಗಳೂರಿನ ಅಳಿವೆ ಬದಿಯ ಬೆಂಗ್ರೆಯೇ ಇಡಿಯಾಗಿ ನದಿಯಿಂದ ಕಡಲಿಗೆ ನಡೆದು ಹೋಗುವಷ್ಟು ಅಗಲದ ಜಾಗ. ಅದರ ಅಗಲವೆಲ್ಲ ಒಂದು ಚೌಕದ ಹೊಟ್ಟೆಯಲ್ಲಿ ಅಡಗುತ್ತದೆ.

ಇದರಲ್ಲಿ ಪಟ್ಟಿ ಮಾಡುವವರ ತಪ್ಪು ಹುಡುಕುವುದು ಬೇಡ. ನೆಲೆಯ ಗುಣ ಕೆಡುತ್ತಿದೆಯೇ, ಸಂಖ್ಯೆ ಇಳಿಯುತ್ತಿದೆಯೇ ಎಂದು ಕೇಳುವ ಅವಕಾಶವನ್ನು ಅವರ ನಿಯಮಗಳೇ ಇಟ್ಟುಕೊಂಡಿವೆ. ಆದರೆ ಉತ್ತರ ಕೊಡಲು ಯಾರಾದರೂ ಮರಳಿನ ಮೇಲೆ ಟೇಪು ಹಿಡಿದು ನಿಂತಿರಬೇಕು. ಹುಲಿಗೆ ಕ್ಯಾಮೆರಾ ಕಟ್ಟುತ್ತಾರೆ, ಆಮೆಗೆ ರಾತ್ರಿ ಕಾವಲು ಕೂರುತ್ತಾರೆ. ಕಾಲಡಿಯ ಗಿಡದ ಅಗಲ ಅಳೆಯುವ ಕೆಲಸಕ್ಕೆ ಹೆಸರೇ ಇಲ್ಲ.

ಊರಿನವರು: ಅಳತೆ ಅಲ್ಲಿರಲಿ, ನನಗೆ ಬೇರೆಯೇ ಒಂದು ಸಂಶಯ. ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವುದು ಮರುಭೂಮಿಯ ಗಿಡಗಳ ಬುದ್ಧಿ. ಮಂಗಳೂರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ. ಜೂನಿನಲ್ಲಿ ಶುರುವಾದರೆ ಛತ್ರಿ ಒಣಗುವುದಿಲ್ಲ. ಇಂಥ ಊರಿನಲ್ಲಿ ನೀರಿಗೆ ಬರ ಅಂತ ಗಿಡಕ್ಕೆ ಯಾರು ಹೇಳಿದರು?

ಮಾಷ್ಟ್ರು: ಮರಳು ಹೇಳಿತು, ಉಪ್ಪು ಹೇಳಿತು. ಬಿದ್ದ ಮಳೆ ಮರಳಿನ ಮೇಲ್ಪದರದಲ್ಲಿ ನಿಲ್ಲುವುದಿಲ್ಲ, ಸೋಸಿ ಕೆಳಗೆ ಹೋಗುತ್ತದೆ. ಡಿಸೆಂಬರಿನಿಂದ ಮೇ ತಿಂಗಳ ತನಕ ಹೆಚ್ಚುಕಡಿಮೆ ಮಳೆಯೇ ಇಲ್ಲ. ಮಧ್ಯಾಹ್ನದ ಮರಳಿನಲ್ಲಿ ಬರಿಗಾಲು ಇಡಲಾಗುವುದಿಲ್ಲ. ಇದರ ಮೇಲೆ ಗಾಳಿ ತರುವ ಉಪ್ಪಿನ ಹನಿ. ಉಪ್ಪು ಒಳಗೆ ಸೇರಿದಾಗ ಅದನ್ನು ತೆಳುಗೊಳಿಸಲಿಕ್ಕೆ ನೀರು ಬೇಕು. ಸಾರು ಉಪ್ಪಾದರೆ ನೀರು ಹೊಯ್ಯುವ ಅಡುಗೆಮನೆಯ ಉಪಾಯವೇ ಇದು. ಕಡಲಂಚಿನ ಗಿಡಗಳಲ್ಲಿ ದಪ್ಪ ಎಲೆ ಇಷ್ಟು ಸಾಮಾನ್ಯವಾಗಿರುವುದಕ್ಕೆ ಕಾರಣ ಅದು. ಸೆಸೂವಿಯಂ ಎಂಬ ಇನ್ನೊಂದು ಹರಿಬಳ್ಳಿ ಉಂಟು, ಗುಲಾಬಿ ನಕ್ಷತ್ರದಂಥ ಹೂ, ನದಿಯ ಉಪ್ಪುನೀರಿನ ಅಂಚಿನಲ್ಲಿಯೂ ಬರುತ್ತದೆ; ಲೌನಿಯ ಸಾರ್ಮೆಂಟೋಸ ಎಂಬ ಹಳದಿ ಹೂವಿನದು ಉಂಟು; ಎರಡಕ್ಕೂ ಎಲೆ ದಪ್ಪವೇ. ಇವುಗಳ ಜೊತೆ ಅಡುಂಬು ಬಳ್ಳಿ, ಅವರೆಯ ಬಳಗದ ಕೆನವೇಲಿಯ, ಉಂಡೆ ಉಂಡೆಯಾಗಿ ಮರಳ ಮೇಲೆ ಉರುಳಿ ಹೋಗುವ ರಾವಣನ ಮೀಸೆ. ಈ ದಿಬ್ಬಗಳನ್ನು ಗಂಭೀರವಾಗಿ ಓದಿದವರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಕೆ. ಆರ್. ಶ್ರೀಧರ್ ಮತ್ತು ಅವರ ಸಂಗಡಿಗರು ಮುಖ್ಯರು. 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅವರು ಬರೆದ ಲೇಖನದ ತಲೆಬರಹವೇ ಕರಾವಳಿಯ ಮರಳದಿಬ್ಬಗಳನ್ನು ಅಲಕ್ಷಿತ ಜೀವಲೋಕ ಎಂದು ಕರೆಯುತ್ತಿತ್ತು. ಈ ಗಿಡಗಳ ಬೇರಿನಲ್ಲಿ ಬದುಕುವ ಶಿಲೀಂಧ್ರಗಳನ್ನೂ ಅವರು ಪಟ್ಟಿಮಾಡಿದ್ದಾರೆ. ಆ ಶಿಲೀಂಧ್ರದ ಎಳೆಗಳು ಒಂದು ಕಡೆ ಬಡ ಮರಳಿನಿಂದ ಗಿಡಕ್ಕೆ ರಂಜಕ ತಂದುಕೊಡುತ್ತವೆ, ಇನ್ನೊಂದು ಕಡೆ ಮರಳಿನ ಕಣಕಣವನ್ನು ಹೆಣೆದು ಹಿಡಿಯುತ್ತವೆ.

ಹೀಗೆ ಹಿಡಿಯುವುದೇ ಇಲ್ಲಿ ನಡೆಯುವ ದೊಡ್ಡ ಕೆಲಸ. ಗಾಳಿ ಮರಳು ಹೊತ್ತು ಬರುತ್ತದೆ; ನೆಲಮಟ್ಟದ ಎಲೆಗೆ ತಾಗಿ ವೇಗ ಕಳೆದುಕೊಂಡು ಹೊರೆ ಇಳಿಸುತ್ತದೆ; ಗಿಡ ಹೂತುಹೋಗುವ ಬದಲು ಗೆಣ್ಣಿನಿಂದ ಮತ್ತೆ ಬೇರು ಬಿಟ್ಟು ಮೇಲೆ ಬರುತ್ತದೆ; ಮತ್ತೆ ಮರಳು, ಮತ್ತೆ ಬೇರು. ಮೊಣಕಾಲೆತ್ತರದ ಗುಡ್ಡೆ ಹೀಗೆ ಹುಟ್ಟುತ್ತದೆ. ಮಳೆಗಾಲದಲ್ಲಿ ಕಡಲು ಆ ಮರಳನ್ನು ಕೊಚ್ಚಿ ಸ್ವಲ್ಪ ದೂರದಲ್ಲಿ ನೀರಿನಡಿ ರಾಶಿ ಹಾಕುತ್ತದೆ, ಅಲೆ ಅಲ್ಲೇ ಮುರಿಯುತ್ತದೆ. ಕಡಲು ತಣ್ಣಗಾದ ಮೇಲೆ ಅದೇ ಮರಳನ್ನು ನಿಧಾನವಾಗಿ ಕರೆಗೆ ತಂದು ಹಾಕುತ್ತದೆ. ದಿಬ್ಬ ಅಂದರೆ ಮಳೆಗಾಲಕ್ಕೆ ತೆಗೆದಿಟ್ಟ ಮರಳಿನ ಗಂಟು. ಆ ಗಂಟು ಕಟ್ಟುವ ಕೈ ಈ ಗಿಡಗಳದ್ದು.

ಊರಿನವರು: ಕಾವಲಿನವನು ಅಂತ ಹೆಸರು ಇಟ್ಟದ್ದು ಅದಕ್ಕೋ?

ಮಾಷ್ಟ್ರು: ಹೆಸರಿಟ್ಟವನ ಮನಸ್ಸಿನಲ್ಲಿ ನೀರಂಚಿನಲ್ಲಿ ನಿಂತ ಗಿಡ ಎಂಬಷ್ಟೇ ಅರ್ಥ ಇದ್ದೀತು. ಆದರೆ ಬೆಂಗ್ರೆಯಲ್ಲಿ ಆ ಹೆಸರಿಗೆ ಇನ್ನೊಂದು ಅರ್ಥ ಬರುತ್ತದೆ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಗುರುಪುರ ನದಿ, ದಕ್ಷಿಣದ ತುದಿಯಲ್ಲಿ ನೇತ್ರಾವತಿಯೂ ಬಂದು ಸೇರುವ ಅಳಿವೆ. ಮೂರು ಕಡೆ ಉಪ್ಪುನೀರು ಇರುವ ಮರಳಿನ ನಾಲಿಗೆ. ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಯೂ ಹೀಗೆಯೇ, ನದಿಗೂ ಕಡಲಿಗೂ ನಡುವಿನ ಮರಳು. ಇಂಥ ಜಾಗದ ಬಾವಿಯಲ್ಲಿ ಸಿಹಿನೀರು ಹೇಗೆ? ಮಳೆನೀರು ಮರಳಿನೊಳಗೆ ಇಳಿದು, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲುತ್ತ ನಿಲ್ಲುತ್ತದೆ. ಸಮುದ್ರಮಟ್ಟದಿಂದ ಒಂದು ಅಡಿ ಮೇಲಕ್ಕೆ ಸಿಹಿನೀರು ನಿಂತರೆ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ನಿಲ್ಲಬಲ್ಲದು ಎನ್ನುವುದು ಭೂಜಲದ ಹಳೆಯ ಸೂತ್ರ. ಕರೆಯ ಮರಳು ಕರಗಿ ಸಿಹಿನೀರಿನ ಮಟ್ಟ ಒಂದು ಅಡಿ ಇಳಿದರೆ ನಷ್ಟವೂ ಅದೇ ಲೆಕ್ಕದಲ್ಲಿ. ಬೆಂಗ್ರೆಯಿಂದ ಉತ್ತರಕ್ಕೆ ಅದೇ ಮರಳಿನ ಮೇಲಿರುವ ಊರಿನ ಹೆಸರು ತಣ್ಣೀರುಬಾವಿ. ಕಡಲು ಪಕ್ಕದಲ್ಲಿರುವಾಗ ಊರಿಗೆ ಬಾವಿಯ ಹೆಸರು ನಿಂತಿದೆ ಎನ್ನುವುದನ್ನು ಒಮ್ಮೆ ಯೋಚಿಸಿ.

ಊರಿನವರು: ಒಪ್ಪಿದೆ. ಆದರೆ ಕಡಲ್ಕೊರೆತ ಬಂದಾಗ ಮನೆಯೊಳಗೆ ನೀರು ನುಗ್ಗಿದವರಿಗೆ ಬಳ್ಳಿಯ ಕತೆ ಹೇಳಿದರೆ ಬೈಗಳು ತಿನ್ನುತ್ತೀರಿ ಮಾರಾಯ್ರೆ. ಅವರಿಗೆ ಬೇಕಾದ್ದು ಕಲ್ಲು. ಲಾರಿಯಲ್ಲಿ ಬಂಡೆ ತಂದು ಸುರಿದರೆ ಆ ರಾತ್ರಿ ನಿದ್ದೆ ಬರುತ್ತದೆ. ಅಂಗೈಯಷ್ಟು ಗಿಡ ಅರಬ್ಬಿ ಸಮುದ್ರವನ್ನು ನಿಲ್ಲಿಸುತ್ತದೆ ಅಂತ ನೀವೂ ನಂಬುವುದಿಲ್ಲವಷ್ಟೆ?

ಮಾಷ್ಟ್ರು: ನಂಬುವುದಿಲ್ಲ. ಅಲೆ ಮನೆಯ ಗೋಡೆಗೆ ಬಂದು ಬಡಿಯುತ್ತಿರುವಾಗ ಗಿಡ ನೆಡಿ ಎನ್ನುವವನು ಗಿಡಕ್ಕೂ ಮನುಷ್ಯನಿಗೂ ದ್ರೋಹ ಮಾಡುತ್ತಾನೆ. ಗಿಡದ ಕೆಲಸ ಅದಕ್ಕಿಂತ ಹತ್ತು ಹದಿನೈದು ವರ್ಷ ಮೊದಲಿನದು. ಅಲೆ ಮನೆಯ ತನಕ ಬರದ ಹಾಗೆ ನಡುವೆ ಮರಳು ಇಟ್ಟುಕೊಳ್ಳುವ ಕಾಲಕ್ಕೆ ಅದರ ಉಪಯೋಗ. ಕಲ್ಲಿನ ಸ್ವಭಾವ ಬೇರೆ. ಓರೆಯಾದ ಮರಳಿನ ಮೇಲೆ ಏರಿದ ಅಲೆ ದಣಿದು ಹಿಂದಕ್ಕೆ ಹೋಗುತ್ತದೆ. ಕಲ್ಲಿಗೆ ಬಡಿದ ಅಲೆ ಬಲ ಉಳಿಸಿಕೊಂಡೇ ತಿರುಗುತ್ತದೆ, ತಿರುಗುವಾಗ ಕಲ್ಲಿನ ಬುಡದ ಮರಳನ್ನು ಕೆರೆದುಕೊಂಡು ಹೋಗುತ್ತದೆ. ಗೋಡೆ ಎಲ್ಲಿ ಮುಗಿಯುತ್ತದೆಯೋ ಅದರ ಪಕ್ಕದ ಮನೆಯವನಿಗೆ ಕೊರೆತ ಹೆಚ್ಚು. ಹಾಗಾಗಿ ಒಬ್ಬರಿಗೆ ಹಾಕಿದ ಕಲ್ಲು ಮುಂದಿನವರಿಗೂ ಕಲ್ಲು ಬೇಡುತ್ತದೆ. ಅಳಿವೆಯ ಆಚೆ ದಡದ ಉಳ್ಳಾಲವನ್ನೇ ನೋಡಿ. ವರ್ಷವರ್ಷ ಸುರಿದ ಬಂಡೆ ಸಾಲದೆ, ಕೊನೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಕಡಲೊಳಗೆ ದಿಣ್ಣೆಗಳನ್ನು ಕಟ್ಟಬೇಕಾಯಿತು. ಕಡಲೊಳಗಿನ ದಿಣ್ಣೆ ಎಂದರೆ ಏನು? ಅಲೆಯನ್ನು ಕರೆಯಿಂದ ದೂರದಲ್ಲೇ ಮುರಿಯುವ ಉಪಾಯ. ದಿಬ್ಬದಿಂದ ಹೋದ ಮರಳು ಮಳೆಗಾಲದಲ್ಲಿ ಪುಕ್ಕಟೆ ಮಾಡುತ್ತಿದ್ದ ಕೆಲಸ. ಕಲ್ಲು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಮರಳು ಇನ್ನೂ ಹಿಂದಿರುಗಿ ಬರುತ್ತಿರುವ ಕಡೆ ಕಲ್ಲು ಹಾಕಬೇಡಿ ಎನ್ನುತ್ತಿದ್ದೇನೆ. ಮರಳು ಹಿಂದಿರುಗುತ್ತದೋ ಇಲ್ಲವೋ ಎಂದು ತಿಳಿಯಲಿಕ್ಕೆ ಎಂಜಿನಿಯರರಿಗೆ ಎರಡು ಮೂರು ವರ್ಷದ ಅಳತೆ ಬೇಕು. ಹರಿಬಳ್ಳಿ ನವೆಂಬರಿನಲ್ಲಿ ಕಡಲ ಕಡೆಗೆ ಹೊಸ ಕುಡಿ ಬಿಟ್ಟಿದ್ದರೆ ಅದೇ ಅಲ್ಲಿ ಮೊದಲ ಸುಳಿವು.

ಊರಿನವರು: ಹಸಿರೇ ಬೇಕಾದರೆ ಗಾಳಿಮರ ಉಂಟಲ್ಲ? ಅರಣ್ಯ ಇಲಾಖೆಯವರು ಸಾಲು ಸಾಲು ನೆಟ್ಟಿದ್ದಾರೆ. ಗಾಳಿ ತಡೆಯುತ್ತದೆ, ನೆರಳು ಕೊಡುತ್ತದೆ, ಕಟ್ಟಿಗೆಗೂ ಆಗುತ್ತದೆ. ನಿಮ್ಮ ಗಿಡದಿಂದ ಒಂದು ಹೊತ್ತಿನ ಒಲೆ ಉರಿಯುವುದಿಲ್ಲ.

ಮಾಷ್ಟ್ರು: ಗಾಳಿಮರ ನಮ್ಮ ಕರಾವಳಿಗೆ ಬಂದದ್ದು ಕಟ್ಟಿಗೆಗೆಂದೇ, 1868ರಲ್ಲಿ ಕಾರವಾರದಲ್ಲಿ ಮೊದಲು ನೆಟ್ಟರು ಎಂದು ಅರಣ್ಯದ ಪುಸ್ತಕಗಳು ಹೇಳುತ್ತವೆ. ಒಳಗಿನ ಸಾಲಿನಲ್ಲಿ ಅದು ಗಾಳಿ ತಡೆಯುತ್ತದೆ, ಮನೆಗಳಿಗೆ ಹಾರಿ ಬರುವ ಮರಳನ್ನೂ ತಡೆಯುತ್ತದೆ. ಅದನ್ನು ತೆಗೆಯಬೇಕು ಎನ್ನುವ ಹಟ ನನಗಿಲ್ಲ. ತೊಂದರೆ ಇರುವುದು ಅದನ್ನು ಕಡಲಿಗೆ ಮುಖ ಮಾಡಿದ ಮೊದಲ ದಿಬ್ಬಕ್ಕೇ ತಂದು ನಿಲ್ಲಿಸುವುದರಲ್ಲಿ. ಅದರ ಒಣ ಎಳೆಗಳು ಚಾಪೆಯ ಹಾಗೆ ಬಿದ್ದ ಕಡೆ ಹರಿಬಳ್ಳಿ ಮೊಳೆಯುವುದಿಲ್ಲ, ನೆರಳಿನಲ್ಲಿ ಬದುಕುವುದಿಲ್ಲ. ಬೇರು ಮರಳಿನ ಜೊತೆ ಏರಿಳಿಯಲಾರದು. ದಿಬ್ಬದ ಮುಖ ಕೊಚ್ಚಿಹೋದಾಗ ಮರ ಬುಡಸಮೇತ ಮಗುಚುತ್ತದೆ, ಮಗುಚುವಾಗ ದಿಬ್ಬದ ಒಂದು ತುಂಡನ್ನೂ ಕಿತ್ತುಕೊಂಡು ಬೀಳುತ್ತದೆ. ಹರಿಬಳ್ಳಿ ತುಂಡಾದರೆ ತುಂಡುಗಳೇ ಬೇರು ಬಿಡುತ್ತವೆ. ಮರ ಹಿಂದೆ ಇರಲಿ, ಬಳ್ಳಿ ಮುಂದೆ ಇರಲಿ. ಯಕ್ಷಗಾನದಲ್ಲಿ ಬಣ್ಣದ ವೇಷ ಎಷ್ಟು ದೊಡ್ಡದಾದರೂ ರಂಗಕ್ಕೆ ಮೊದಲು ಬರುವುದು ಕೋಡಂಗಿಯೇ.

ಊರಿನವರು: ಹಾಗಾದರೆ ಒಂದು ನರ್ಸರಿ ಮಾಡಿ. ಚಟ್ಟಿಯಲ್ಲಿ ಬೆಳೆಸಿ. ಪಿಲಿಕುಳದ ನಿಸರ್ಗಧಾಮದಲ್ಲಿ ಒಂದು ತುಂಡು ಮರಳು ಹಾಕಿ ಅಲ್ಲಿ ಇಡಿ. ಜಾತಿ ಉಳಿಯಿತಲ್ಲ?

ಮಾಷ್ಟ್ರು: ಇದಕ್ಕೆ ನಮ್ಮ ನೆರೆಯಲ್ಲಿಯೇ ಪಾಠ ಉಂಟು. ಮಹಾರಾಷ್ಟ್ರದ ಕೋಟೆಬೆಟ್ಟಗಳ ಬಂಡೆಗೋಡೆಗಳಲ್ಲಿ ಫ್ರೇರಿಯ ಇಂಡಿಕ ಎಂಬ ದಪ್ಪ ಕಾಂಡದ ಹೂಗಿಡ ಉಂಟು, ಮುಂಬಯಿಯ ಗವರ್ನರನಾಗಿದ್ದ ಬಾರ್ಟಲ್ ಫ್ರೇರನ ಹೆಸರು ಹೊತ್ತದ್ದು. ನೀವು ಮೊದಲಿಗೆ ಕೇಳಿದಿರಲ್ಲ, ಕೆಲವೇ ಬೆಟ್ಟಗಳಲ್ಲಿ ಮಾತ್ರ ಇರುವುದು, ಅಂಥ ಶುದ್ಧ ಅಪರೂಪ. ಅದರ ಕಡ್ಡಿ ಮುರಿದು ನೆಟ್ಟರೆ ಬದುಕುತ್ತದೆ. ದಪ್ಪೆಲೆ ಗಿಡಗಳ ಹುಚ್ಚಿನವರು ದೇಶವಿದೇಶದಲ್ಲಿ ಚಟ್ಟಿಯಲ್ಲಿ ಬೆಳೆಸುತ್ತಾರೆ. ಆ ಜಾತಿಯ ಮಟ್ಟಿಗೆ ಚಟ್ಟಿ ಒಂದು ವಿಮೆ, ನಿಜ. ಅದಕ್ಕೆ ಇನ್ನೊಂದು ರಕ್ಷೆಯೂ ಉಂಟು: ಅದು ನಿಂತದ್ದು ಮನುಷ್ಯ ಹತ್ತಲಾಗದ ಕಡಿದಾದ ಬಂಡೆಯಲ್ಲಿ. ನಮ್ಮ ಗಿಡಕ್ಕೆ ಎರಡೂ ಸಲ್ಲುವುದಿಲ್ಲ. ಅದು ನಿಂತದ್ದು ಎಲ್ಲರೂ ನಡೆಯುವ, ಎಲ್ಲರೂ ಫೋಟೋ ತೆಗೆಯುವ, ಈಗೀಗ ಜೀಪು ಓಡಿಸುವ ಜಾಗದಲ್ಲಿ. ಚಟ್ಟಿಯಲ್ಲಿ ಅದು ಬದುಕೀತು, ಆದರೆ ಚಟ್ಟಿಯಲ್ಲಿ ಅದು ಏನು ಮಾಡುತ್ತದೆ? ಗಾಳಿ ಇಲ್ಲ, ಹಾರುವ ಮರಳಿಲ್ಲ, ಕಟ್ಟಲಿಕ್ಕೆ ದಿಬ್ಬ ಇಲ್ಲ. ಹೊಳೆ ಇಲ್ಲದ ಊರಿನಲ್ಲಿ ಅಂಬಿಗನನ್ನು ಸಂಬಳ ಕೊಟ್ಟು ಇಟ್ಟುಕೊಂಡ ಹಾಗೆ.

ಊರಿನವರು: ಜೀಪಿನ ಮಾತು ಬಂತಲ್ಲ, ಅಲ್ಲಿಗೇ ನನ್ನ ಗಟ್ಟಿ ಪ್ರಶ್ನೆ. ಜೀಪಿನವರು ಆದಿತ್ಯವಾರ ಬಂದು ಹೋಗುತ್ತಾರೆ. ದಿನಾ ಆ ಮರಳಿನ ಮೇಲೆ ಇರುವವರು ಬೆಂಗ್ರೆಯವರು. ತೋಟಬೆಂಗ್ರೆಯ ಮೊಗವೀರರು, ಕಸಬಾಬೆಂಗ್ರೆಯ ಬ್ಯಾರಿಗಳು, ದೋಣಿ ಎಳೆಯುವವರು, ಬಲೆ ಹರಡುವವರು, ಮೀನು ಒಣಗಿಸುವವರು. ಎಷ್ಟೋ ಕಾಲ ದಾರಿಗೂ ನೀರಿಗೂ ಅರ್ಜಿ ಹಾಕಿದ ಊರು; ಇವತ್ತಿಗೂ ಪೇಟೆಗೆ ಹೋಗಲು ಬಂದರಿಗೆ ಫೆರಿ ಹಿಡಿಯಬೇಕು, ಇಲ್ಲದಿದ್ದರೆ ಕೂಳೂರು ಸುತ್ತಬೇಕು. ಅವರಿಗೆ ಈಗ ಬಂದು, ಹೂ ಉಂಟು, ಇಲ್ಲಿ ಕಾಲಿಡಬೇಡಿ ಎನ್ನುತ್ತೀರಾ?

ಮಾಷ್ಟ್ರು: ಹಾಗೆ ಹೇಳುವ ಹಕ್ಕು ಯಾರಿಗೂ ಇಲ್ಲ, ಹೇಳುವ ಅಗತ್ಯವೂ ಇಲ್ಲ. ಈ ವಾದದಲ್ಲಿ ಮೀನುಗಾರರನ್ನು ಗಿಡದ ಎದುರು ಪಕ್ಷದಲ್ಲಿ ಕೂರಿಸುವುದೇ ತಪ್ಪು. ಕೈರಂಪಣಿಯನ್ನು ತೆಗೆದುಕೊಳ್ಳಿ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ಕರೆಯಲ್ಲಿ ನಿಂತು ಎಳೆಯುವ ಮೀನುಗಾರಿಕೆ. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ದೊಡ್ಡ ರಂಪಣಿಯ ಕಾಲ ಹೋಯಿತು, ಕೈರಂಪಣಿ ಅಲ್ಲಲ್ಲಿ ಉಳಿಯಿತು. ಅದಕ್ಕೆ ಏನು ಬೇಕು? ಕಲ್ಲಿಲ್ಲದ, ಓರೆಯಾದ, ಅಗಲವಾದ ಮರಳಿನ ಕರೆ. ನಾಡದೋಣಿಯನ್ನು ಮೇಲೆ ಎಳೆಯಲಿಕ್ಕೂ ಅದೇ ಬೇಕು. ಗಿಡಕ್ಕೂ ಅದೇ ಬೇಕು. ಕಲ್ಲಿನ ಗೋಡೆ ಬಂದ ದಿನ ಬಲೆಯೂ ಹೋಯಿತು, ಹೂವೂ ಹೋಯಿತು. ಶತಮಾನಗಳಿಂದ ದೋಣಿ ಎಳೆದ ಕರೆಯಲ್ಲಿ ಈ ಗಿಡಗಳು ಉಳಿದದ್ದೇ ಇದಕ್ಕೆ ಸಾಕ್ಷಿ. ದೋಣಿ ಒಂದೇ ದಾರಿಯಲ್ಲಿ ಮೇಲೆ ಬರುತ್ತದೆ, ಆ ದಾರಿಯಲ್ಲಿ ಗಿಡ ಇರುವುದಿಲ್ಲ, ಅದರ ಎರಡು ಬದಿಯಲ್ಲಿ ಇರುತ್ತದೆ. ಮೋಟಾರು ಗಾಡಿಗೆ ದಾರಿ ಎಂಬುದಿಲ್ಲ, ಅದು ಹೋದದ್ದೆಲ್ಲ ದಾರಿ. ಬೀಚು ಗುಡಿಸುವ ಯಂತ್ರವೂ ಹಾಗೆಯೇ. ಪ್ಲಾಸ್ಟಿಕ್ಕಿನ ಜೊತೆಗೆ ಅಲೆ ತಂದು ಹಾಕಿದ ಕಸಕಡ್ಡಿ, ಅದರೊಳಗೆ ಸಿಕ್ಕಿದ ಬೀಜ, ಮೊಳಕೆ ಎಲ್ಲವನ್ನೂ ಬಾಚುತ್ತದೆ. ತಮಾಷೆ ಏನೆಂದರೆ, 2020ರಲ್ಲಿ ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ ಸಿಕ್ಕಿದ ಬ್ಲೂ ಫ್ಲ್ಯಾಗ್ ಮನ್ನಣೆಯ ನಿಯಮಗಳೇ, ಅಲೆ ತಂದ ಪಾಚಿ, ಸೊಪ್ಪುಸದೆಗಳಿಂದ ತೊಂದರೆಯಾಗದಿದ್ದರೆ ಅವು ಅಲ್ಲೇ ಇರಲಿ ಎನ್ನುತ್ತವೆ. ಬೀಚು ಅಂದರೆ ಗುಡಿಸಿದ ಅಂಗಳದ ಹಾಗೆ ಇರಬೇಕು ಎನ್ನುವುದು ನಮ್ಮದೇ ಕಲ್ಪನೆ.

ಅಗಲ ಎಲ್ಲಿ ಹೋಗುತ್ತಿದೆ ಎಂದು ಕೇಳಿದರೆ ಮೀನುಗಾರನ ಹೆಜ್ಜೆಯಡಿ ಅಲ್ಲ. ಬೆಂಗ್ರೆಗೆ ಎರಡು ಕರೆ. ನದಿಯ ಬದಿಯಲ್ಲಿ ಸಾಗರಮಾಲಾ ಯೋಜನೆಯ ಕೋಸ್ಟಲ್ ಬರ್ತಿನ ಕೆಲಸ ಬಂದಾಗ ನಾಡದೋಣಿಯವರು ವಿರೋಧಿಸಿದ್ದು ದೋಣಿ ನಿಲ್ಲಿಸುವ ಜಾಗ ಹೋಗುತ್ತದೆ ಎಂದು. ಒಂದು ಬದಿಯಲ್ಲಿ ಜಾಗ ಹೋದರೆ ಅದರ ಒತ್ತಡ ಇನ್ನೊಂದು ಬದಿಗೆ ಬರುತ್ತದೆ. ದೋಣಿ, ಬಲೆ, ಶೆಡ್ಡು ಎಲ್ಲ ಕಡಲ ಬದಿಗೆ ಸರಿಯಬೇಕು. ಅತ್ತ ಕಡೆಯಿಂದ ಮರಳು ಬರುವುದೇ ಕಡಿಮೆಯಾಗುತ್ತಿದೆ, ಎರಡೂ ನದಿಗಳಲ್ಲಿ ಮರಳು ತೆಗೆಯುವುದರಿಂದ, ನೇತ್ರಾವತಿಗೆ ತುಂಬೆಯಲ್ಲಿ ಅಡ್ಡ ಕಟ್ಟಿರುವುದರಿಂದ. ಬೆಂಗ್ರೆಯ ಗಿಡಕ್ಕೆ ಬಂದದ್ದೂ ಬೆಂಗ್ರೆಯವರಿಗೆ ಬಂದದ್ದೂ ಬೇರೆ ಬೇರೆ ಕಷ್ಟವಲ್ಲ.

ಊರಿನವರು: ಸರಿ, ಇಷ್ಟೆಲ್ಲ ಇದ್ದರೆ ಕಾನೂನು ಉಂಟಲ್ಲ. ಕಡಲ ಕರೆಯ ಸಿಆರ್‌ಝಡ್ ನಿಯಮ ಬಂದು ಎಷ್ಟು ವರ್ಷವಾಯಿತು! ಮನೆಗೆ ಒಂದು ಕೋಣೆ ಏರಿಸಲು ಹೋದರೆ ಅಡ್ಡ ಬರುವ ಕಾನೂನು ಹೂವಿಗೆ ಯಾಕೆ ಒದಗುವುದಿಲ್ಲ?

ಮಾಷ್ಟ್ರು: 1991ರಲ್ಲಿ ಬಂತು, 2011ರಲ್ಲಿ ಬದಲಾಯಿತು, 2019ರಲ್ಲಿ ಮತ್ತೆ ಬದಲಾಯಿತು. ಮರಳದಿಬ್ಬಗಳನ್ನು ಕಾಂಡ್ಲಾ, ಹವಳ, ಆಮೆ ಮೊಟ್ಟೆಯಿಡುವ ಜಾಗ ಇವುಗಳ ಜೊತೆಗೇ ಅತಿ ಸೂಕ್ಷ್ಮ ಎಂದು ಮೊದಲ ವರ್ಗದಲ್ಲಿ ಇಟ್ಟಿದ್ದಾರೆ. ಕಾಗದದಲ್ಲಿ ಇದಕ್ಕಿಂತ ದೊಡ್ಡ ರಕ್ಷೆ ಇಲ್ಲ. ಆದರೆ ಕಾನೂನು ಕಾಯುವುದು ನಕಾಶೆಯ ಮೇಲೆ ಗುರುತಿಸಿದ ದಿಬ್ಬವನ್ನು. ನಮ್ಮ ಗಿಡ ಇರುವುದು ಇನ್ನೂ ದಿಬ್ಬ ಎನ್ನಿಸಿಕೊಳ್ಳದ ಮರಳಿನಲ್ಲಿ, ದಿಬ್ಬದ ಬಾಲ್ಯದಲ್ಲಿ. ಜುಲೈಯಲ್ಲಿ ಇಲ್ಲ, ಜನವರಿಯಲ್ಲಿ ಉಂಟು, ಮುಂದಿನ ವರ್ಷ ಹತ್ತು ಹೆಜ್ಜೆ ಆಚೆ. ಮಳೆಗಾಲ ಕಳೆದ ಕೂಡಲೇ ಬಂದು ನಕಾಶೆ ಬರೆದವನಿಗೆ ಅಲ್ಲಿ ಕಾಣುವುದು ಬರೀ ಚಪ್ಪಟೆ ಮರಳು. ಚಪ್ಪಟೆ ಮರಳಿನ ಮೇಲೆ ಬೆಂಚು, ಗೂಡಂಗಡಿ, ನಡಿಗೆಯ ದಾರಿ ಬಂದರೆ ದಿಬ್ಬ ನಾಶವಾಯಿತು ಎಂದು ಯಾರೂ ಹೇಳಲಾರರು, ಹುಟ್ಟದ್ದು ಸಾಯುವುದುಂಟೆ? ಆಮೆಯ ವಿಷಯದಲ್ಲಿ ಈ ತೊಡಕಿಲ್ಲ. 2024ರಲ್ಲಿ ತಣ್ಣೀರುಬಾವಿ, ಸಸಿಹಿತ್ಲು ಕಡೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಟ್ಟದ್ದು ಗೊತ್ತಾದ ಕೂಡಲೇ ಅರಣ್ಯ ಇಲಾಖೆ ಗೂಡುಗಳಿಗೆ ಬಲೆ ಸುತ್ತಿ ಕಾವಲು ಹಾಕಿತು, ಮರಿಗಳು ಕಡಲಿಗೆ ಹೋದವು, ಪೇಪರಿನಲ್ಲಿ ಚಿತ್ರ ಬಂತು. ನನ್ನ ಅಸೂಯೆ ಆಮೆಯ ಮೇಲಲ್ಲ. ಆಮೆ ಗೂಡು ಮಾಡಲು ಆರಿಸಿಕೊಳ್ಳುವುದೂ ಉಬ್ಬರದ ಗೆರೆಯಿಂದ ಮೇಲಿನ ಇದೇ ಪಟ್ಟಿಯನ್ನು. ಗೂಡಿಗೆ ಬಲೆ ಕಟ್ಟಿ ಪಟ್ಟಿಯನ್ನು ಬಿಟ್ಟರೆ ಮುಂದೊಮ್ಮೆ ಕಟ್ಟಲು ಬಲೆ ಇದ್ದೀತು, ಗೂಡು ಇರಲಿಕ್ಕಿಲ್ಲ.

ಊರಿನವರು: ನಿಮಗೆ ಬೇಕಾದ್ದಾದರೂ ಎಂತ, ಬಿಡಿಸಿ ಹೇಳಿ. ಬೇಲಿಯೇ?

ಮಾಷ್ಟ್ರು: ಬೇಲಿ ಬೇಡ. ವರ್ಷಕ್ಕೆ ಎರಡು ಸಲ ಅಳತೆ ಬೇಕು, ನವೆಂಬರಿನಲ್ಲಿ ಒಮ್ಮೆ, ಮೇ ತಿಂಗಳಿನಲ್ಲಿ ಒಮ್ಮೆ, ಅಳಿವೆಯಿಂದ ತಣ್ಣೀರುಬಾವಿಯವರೆಗೆ ಗೊತ್ತುಮಾಡಿದ ಜಾಗಗಳಲ್ಲಿ, ಹರಿಬಳ್ಳಿಯ ಪಟ್ಟಿ ಎಷ್ಟು ಮೀಟರು ಅಗಲ ಉಂಟು ಎಂದು. ಶಾಲೆಯ ಮಕ್ಕಳೂ ಮಾಡಬಹುದಾದ ಕೆಲಸ. ದೋಣಿಯ ದಾರಿಗಳನ್ನು ಊರವರೇ ಗುರುತು ಹಾಕಿಕೊಳ್ಳಲಿ, ಗಾಡಿಗೆ ಮಾತ್ರ ದಾರಿ ಬೇಡ. ಉಬ್ಬರದ ಗೆರೆಯಿಂದ ಮೇಲೆ ಕಸ ಹೆಕ್ಕುವುದು ಕೈಯಿಂದ ಇರಲಿ, ಯಂತ್ರದಿಂದ ಬೇಡ. ಉಳಿದದ್ದನ್ನು ಗಿಡ ಮಾಡಿಕೊಳ್ಳುತ್ತದೆ.

ಊರಿನವರು: ಕಡಲು ಏರುತ್ತದೆ ಎನ್ನುತ್ತಾರೆ. ಏರಿದರೆ ನಿಮ್ಮ ಪಟ್ಟಿ ಒಳಗೆ ಸರಿಯಬೇಕು. ಒಳಗೆ ಮನೆಗಳು, ಮನೆಗಳ ಬೆನ್ನಿಗೆ ನದಿ. ಮುಂದೆ ಹೋಗಲಿಕ್ಕಿಲ್ಲ, ಹಿಂದೆ ಹೋಗಲಿಕ್ಕಿಲ್ಲ. ಆ ಇಪ್ಪತ್ತು ಮೀಟರನ್ನು ಯಾರ ಅಂಗಳದಿಂದ ತರುತ್ತೀರಿ?

ಮಾಷ್ಟ್ರು: ಈ ಪ್ರಶ್ನೆಗೆ ನನ್ನ ವಾದದಲ್ಲಿ ಪೂರ್ತಿ ಉತ್ತರ ಇಲ್ಲ. ಇದ್ದ ಮನೆಯ ಅಂಗಳದಿಂದ ತರುವುದಾದರೆ ಆ ವಾದವೇ ನನಗೆ ಬೇಡ. ಆದರೆ ಮನೆಗೂ ಕಡಲಿಗೂ ನಡುವೆ ಇನ್ನೂ ಕಟ್ಟದೆ ಉಳಿದ ಮರಳು ಎಷ್ಟು ಉಂಟು, ಅದರ ಮೇಲೆ ಯಾವ ಯಾವ ಇಲಾಖೆಯ ಯಾವ ಯಾವ ಯೋಜನೆ ಕಣ್ಣಿಟ್ಟಿದೆ, ಅವುಗಳಲ್ಲಿ ಎಷ್ಟು ಬೆಂಗ್ರೆಯವರು ಕೇಳಿದ್ದು, ಎಷ್ಟು ಅವರು ಕೇಳದ್ದು ಎಂದು ಬೇರೆ ಬೇರೆ ಬರೆಯಬಹುದು. ಅಗಲ ಮೊದಲು ಹುಡುಕಬೇಕಾದ್ದು ಆ ಕೊನೆಯ ಪಟ್ಟಿಯಲ್ಲಿ.

ಊರಿನವರು: ಬರೆದರೆ ಆ ಪಟ್ಟಿಗೆ ಸಹಿ ಹಾಕುವವರು ಊರಿನಲ್ಲಿ ಸಿಗುತ್ತಾರೆ. ಹೂವಿಗಾಗಿ ಅಂತ ಬೇಡ, ದೋಣಿ ಎಳೆಯುವ ಜಾಗಕ್ಕಾಗಿ ಅಂತ ಬರೆಯಿರಿ.

ಮಾಷ್ಟ್ರು: ಹಾಗೇ ಬರೆಯುವ. ಜಾಗ ಒಂದೇ ಅಲ್ಲವೇ.